ಹೊಸ ಆಟದ ಸೈನಿಕರು ಮಾತು ಕೇಳುವುದಿಲ್ಲ

ತಾರೀಖು ಮೂರು,
ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮ ಮಾಡುವ ಆಶೀರ್ವಾದ. ನೀನು ಮಾತು ಬಿಟ್ಟು ಹದಿನಾಲ್ಕು ತಿಂಗಳಾದ ಮೇಲೆ ನಿನ್ನ ಕೈಬರಹ ಕಂಡೆ. ಲಕೋಟೆ ಒಡೆಯುವ ಮುಂಚೆ ಕೈ ತೊಳೆದುಕೊಂಡು ಬಂದೆ, ನಗಬೇಡ.

ಎರಡು ವಿಷಯ ಕೇಳಿದ್ದೀಯ. ನಿಮ್ಮ ಕಂಪನಿಯ ಹೊಸ ಕಂಪ್ಯೂಟರ್ ಆಟ ಹೇಗಿದೆ ಅಂತ ಒಂದು. ಹತ್ತೊಂಬತ್ತನೇ ತಾರೀಖು ಕೋರ್ಟಿಗೆ ಬಂದು, ನಿನ್ನ ಗಂಡನ ಎದುರಿಗೆ, ಆ ದಿನ ನಿನ್ನ ಕುತ್ತಿಗೆಯ ಮೇಲೆ ಕಂಡದ್ದನ್ನು ಹೇಳುತ್ತೀಯಾ ಅಂತ ಇನ್ನೊಂದು. ಮೊದಲನೆಯದು ಸುಲಭ, ಅದನ್ನೇ ಮೊದಲು ಬರೆಯುತ್ತೇನೆ.

ಆಟ ನನಗೆ ಹಿಡಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ಆಡಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಹನ್ನೆರಡು ಹಂತ ಗೆದ್ದೇ ಬರೆಯುತ್ತಿದ್ದೇನೆ. ಎರಡು ಸೂರ್ಯರ ಬೆಳಕೇನು, ಗ್ರಹದ ಮರಳಿನ ಹೊಳಪೇನು! ದಾಳಿ ಮಾಡುವ ಹುಳುಗಳ ಮೈಮೇಲಿನ ಕೂದಲನ್ನೂ ಎಣಿಸಬಹುದು. ಅಷ್ಟು ಚಂದ ಹೊರಲಾಗದೆ ನನ್ನ ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಮೂಗಿಗಿಂತ ಮೂಗುತಿ ಭಾರ. ನಾವಿಬ್ಬರೂ ಆಡುತ್ತಿದ್ದ ಹಳೇ ಆಟದಲ್ಲಿ ಹುಳು ಅಂದರೆ ಒಂದು ಹಸಿರು ಚುಕ್ಕೆ. ಅದು ಬೇಲಿ ದಾಟಿತು ಅಂದರೆ ನಮ್ಮಿಬ್ಬರ ಎದೆಯೂ ಧಸಕ್ಕೆನ್ನುತ್ತಿತ್ತು.

ನೀನು ಹದಿಮೂರನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ, ನಿನ್ನ ಬೇಜಾರು ಕಳೆಯಲಿ ಅಂತ ಪಕ್ಕದಲ್ಲಿ ಆಡಲು ಕೂತವಳು ನಾನು. ನಿನ್ನ ಕಾಲು ಕೂಡಿಕೊಂಡಿತು, ನನ್ನ ಹುಚ್ಚು ಬಿಡಲಿಲ್ಲ. ಚದುರಂಗದ ಹಾಗೆ ಸರದಿ ಇಲ್ಲದ ಆಟ ಅದು, ನಾವು ಯೋಚಿಸುತ್ತಾ ಕೂತರೆ ಶತ್ರು ಕೂತಿರುವುದಿಲ್ಲ. ಡಿಪೋದಲ್ಲಿ ದಿನಾ ಬೆಳಿಗ್ಗೆ ಎರಡು ತಾಸಿನೊಳಗೆ ತೊಂಬತ್ತು ಬಸ್ಸು ಹೊರಡಿಸುವವಳಿಗೆ ಅದೇನು ಮಹಾ! ಗಣಿಗೆ ಆರು ಯಂತ್ರ, ಸೇತುವೆಗೆ ಹತ್ತು ಸೈನಿಕರು, ಕೆಟ್ಟು ನಿಂತದ್ದನ್ನು ಪಕ್ಕಕ್ಕೆ ತಳ್ಳು. ಡ್ರೈವರುಗಳು ಎದುರು ಮಾತಾಡುತ್ತಾರೆ, ಇವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನನಗೆ ಹಿಡಿಸಿದ್ದೇ ಅದು.

ಆಜ್ಞೆಗಳಿಗೆ ನಾವೇ ಹೆಸರಿಟ್ಟುಕೊಂಡಿದ್ದೆವಲ್ಲ, ಹೋಗು, ಹೊಡಿ, ಅಗೆ, ಕಾಯಿ ಅಂತ. ಮೊದಲ ವಾರವೇ ಎಡವಟ್ಟಾಯಿತು. ಸೇತುವೆ ಹತ್ರ ಕಾಯಮ್ಮ ಅಂತ ನೀನು ಕೂಗಿದೆ, ಕಾವಲಿರು ಅನ್ನುವ ಅರ್ಥದಲ್ಲಿ. ನೀನು ಬರುವ ತನಕ ಕಾಯಬೇಕೇನೋ ಅಂದುಕೊಂಡು ನಾನು ಸೈನಿಕರನ್ನು ಬಂದೂಕು ಇಳಿಸಿ ಸುಮ್ಮನೆ ನಿಲ್ಲಿಸಿದೆ. ಹುಳುಗಳು ಹತ್ತೂ ಜನರನ್ನು ನುಂಗಿ ಸೇತುವೆ ದಾಟಿದವು. ಎರಡಕ್ಕೂ ಒಂದೇ ಮಾತು ಕಣೇ, ನಾನೇನು ಮಾಡಲಿ ಅಂದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಕಾಯಿ ಅಂದರೆ ಕಾವಲು, ಸಾಯುವ ತನಕ ಕದಲಬಾರದು ಅಂತ ತೀರ್ಮಾನ ಮಾಡಿದೆವು.

ಹೊಸ ಆಟದಲ್ಲಿ ಅರ್ಧ ಜನ ಸತ್ತರೆ ಉಳಿದವರು ತಾವಾಗಿಯೇ ವಾಪಸು ಓಡಿ ಬರುತ್ತಾರೆ. ಕಾವಲಿನ ಗುಂಡಿ ಹತ್ತು ಸಲ ಒತ್ತಿದರೂ ತಿರುಗಿ ನೋಡುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇದೇನು ಸೈನ್ಯವೋ ಸಂತೆಯೋ, ಆಡಿಸುವವಳ ಮಾತಿಗೆ ಬೆಲೆ ಇಲ್ಲದ ಮೇಲೆ ಆಟ ಯಾತಕ್ಕೆ ಅಂತ ಮೂರು ಪುಟ ಬೈದು ಬರೆದೆ. ಆಮೇಲೆ ನಿನ್ನ ಪತ್ರವನ್ನು ಇನ್ನೊಂದು ಸಲ ಓದಿದೆ. ಆ ಬದಲಾವಣೆ ನಾನೇ ಹಟ ಹಿಡಿದು ಮಾಡಿಸಿದ್ದಮ್ಮ ಅಂತ ಕೊನೆಯಲ್ಲಿ ಬರೆದಿದ್ದೀಯ. ಆಡಿ ನೋಡಿ ತಪ್ಪು ಹುಡುಕುವುದು ಅಲ್ಲಿ ನಿನ್ನ ಕೆಲಸ. ಈ ಸಲ ಯಾರ ತಪ್ಪು ಹುಡುಕಿದೆ ಅಂತ ಗೊತ್ತಾಯಿತು. ಮೂರೂ ಪುಟ ಹರಿದು ಹಾಕಿದೆ.

ಆ ದಿನ ನೀನು ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇನ್ಮೇಲೆ ಇಲ್ಲೇ ಇರ್ತೀನಮ್ಮ ಅಂದೆ. ನನ್ನನ್ನು ಕಾಯಿ ಅಂತ ನೀನು ಬಂದರೆ, ಇನ್ನೊಂದು ವರ್ಷ ಕಾಯಿ, ಒಂದು ಮಗು ಆದರೆ ಸರಿಹೋಗುತ್ತಾನೆ ಅಂತ ನಾನು ಬುದ್ಧಿ ಹೇಳಿದೆ. ಸಂಜೆಯ ಬಸ್ಸಿಗೆ ನಾನೇ ಹತ್ತಿಸಿದೆ, ಕಿಟಕಿ ಪಕ್ಕದ ಸೀಟು ಕೊಡಿಸಿದೆನೆಂದು ಹೆಮ್ಮೆ ಬೇರೆ. ಮಾತು ಅರ್ಥವಾಗಲಿಲ್ಲ ಅನ್ನುವ ನೆಪ ಈ ಸಲ ನನಗಿಲ್ಲ. ಅರ್ಥವಾಗಿತ್ತು. ಮಗಳ ಸಂಸಾರ ಚೆನ್ನಾಗಿದೆ ಅಂತ ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ, ಆ ಮಾತು ಉಳಿಯಬೇಕಿತ್ತು. ನೀನು ಅಲ್ಲಿ ಇನ್ನೂ ಏಳು ತಿಂಗಳು ಕಾದೆ. ಅವನ ಏಟಿಗೆ ನಿನ್ನ ಎಡಗಿವಿ ಹೋಯಿತು. ಅವನನ್ನೂ ಬಿಟ್ಟೆ, ನನ್ನನ್ನೂ ಬಿಟ್ಟೆ. ಕಿವಿಯ ಸುದ್ದಿ ನನಗೆ ನಿನ್ನ ಚಿಕ್ಕಮ್ಮನಿಂದ ತಿಳಿಯಿತು.

ಇಷ್ಟಾದರೂ ಆಟದ ಬಗ್ಗೆ ಸುಳ್ಳು ಹೇಳಲಾರೆ. ನನಗೆ ಹಳೆಯದೇ ಇಷ್ಟ, ಹೇಳಿದ ಕಡೆ ನಿಂತು ಸಾಯುವ ಸೈನಿಕರೇ ಇಷ್ಟ. ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಒಂದು ಕಂಡೆ. ನಿನ್ನ ಸೈನಿಕರು ಓಡಿ ಬಂದಾಗ ಕೋಟೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಆಡಿಸುವವಳನ್ನು ಯಾರೂ ಕೇಳುವುದಿಲ್ಲ. ಅದನ್ನೂ ನೀನೇ ಮಾಡಿಸಿರಬೇಕು. ಒಳ್ಳೆಯದು ಮಾಡಿದೆ.

ಎರಡನೆಯ ಪ್ರಶ್ನೆಗೆ ಉತ್ತರ, ಬರುತ್ತೇನೆ. ರಜೆ ಬರೆದುಕೊಟ್ಟಾಗಿದೆ. ನೀನು ಚೀಲ ಇಳಿಸುವಾಗ ಕಾಲರ್ ಸರಿದು ಐದು ಬೆರಳಿನ ಗುರುತು ಕಂಡಿತ್ತು. ನೀನು ಬಾಯಿ ತೆರೆಯುವ ಮೊದಲೇ, ಸೆಖೆಗೆ ಎದ್ದ ಬೊಕ್ಕೆ ಇರಬೇಕು, ಪೌಡರ್ ಹಾಕ್ಕೋ ಅಂದವಳು ನಾನು.

ಇಂತಿ,
ನಿನ್ನನ್ನು ಹೆತ್ತವಳು,
ಅಮ್ಮ

ವಿ.ಸೂ.: ಇದನ್ನು ಬರೆಯದೆ ಕಳಿಸಿಬಿಡೋಣ ಅಂತ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ತಿಂಗಳು ನಿನ್ನ ಗಂಡ ತನ್ನ ವಕೀಲರನ್ನು ಕರೆದುಕೊಂಡು ಬಂದಿದ್ದ. ಅವಳ ಮೈಮೇಲೆ ಒಂದು ಗೀರೂ ನೀವು ನೋಡಿಲ್ಲ ತಾನೇ ಅತ್ತೆ ಅಂತ ಒಂದು ಕಾಗದ ಮುಂದಿಟ್ಟ. ನೀನು ನನ್ನ ಒಂದು ಫೋನೂ ಎತ್ತುತ್ತಿರಲಿಲ್ಲ, ಆ ಸಿಟ್ಟಿಗೆ ಸಹಿ ಹಾಕಿಕೊಟ್ಟೆ. ಕನ್ನಡಕ ಇರಲಿಲ್ಲ ಅಂತ ಹೇಳಿಕೊಳ್ಳಬಹುದು. ಇತ್ತು, ಎರಡು ಸಲ ಓದಿಯೇ ಹಾಕಿದೆ. ಆ ಕಾಗದ ಈಗ ಕೋರ್ಟಿನಲ್ಲಿದೆ. ಹತ್ತೊಂಬತ್ತಕ್ಕೆ ನಾನು ಮೊದಲು ನಾನೇ ಸುಳ್ಳಿ ಅಂತ ಒಪ್ಪಿಕೊಳ್ಳಬೇಕು. ಅದಾದ ಮೇಲೆ ನನ್ನ ಮಾತನ್ನು ಯಾರು ನಂಬುತ್ತಾರೋ ಗೊತ್ತಿಲ್ಲ, ನಿನ್ನ ಕೇಸೇ ಬಿದ್ದುಹೋಗಬಹುದು. ಈ ಪತ್ರವನ್ನು ಇವತ್ತೇ ನಿನ್ನ ವಕೀಲರಿಗೆ ಕೊಡು. ಪ್ರತಿ ಪುಟದ ಕೆಳಗೂ ಪೂರ್ತಿ ಸಹಿ ಹಾಕಿದ್ದೇನೆ, ಅವನ ಕಾಗದಕ್ಕೆ ಹಾಕಿದ್ದ ಅದೇ ಸಹಿ.