ಏಳನೆಯ ಓಣಿ ದಾಟಿದ ಬುಗುರಿ ಬಸ್ಯಾ

ಆಟದ ಪಡಸಾಲೆ, ಉಣಕಲ್, ಹುಬ್ಬಳ್ಳಿ
ಫೆಬ್ರವರಿ 30, 2171

ಹಳೆಯ ಆಟವೊಂದನ್ನು ಡೌನ್‌ಲೋಡ್ ಮಾಡಲು ಹೊರಟು, ‘ಇದು ತಪ್ಪೇ?’ ಎಂದು ಬೆರಳು ತಡೆದು ಕುಳಿತಿರುವವರಿಗೆ,

ತಾರೀಖು ನೋಡಿ ನಗಬೇಡಿ. ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ಎಷ್ಟೋ ವರ್ಷವಾಯಿತು. ಪಾಪದ ತಿಂಗಳಿಗೆ ಕೊನೆಗೂ ನ್ಯಾಯ ಸಿಕ್ಕಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ನನ್ನ ಶಾಲೆಯೆಲ್ಲ ಇಂಗ್ಲಿಷಿನಲ್ಲೇ ಆಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಆಟಗಳಿಂದ, ಅವುಗಳ ನಡುನಡುವೆ ಬರುವ ಜಾಹೀರಾತುಗಳಿಂದ. ಹಾಗಾಗಿ ಎಲ್ಲೋ ಒಂದು ಕಡೆ ಸೋಪು ಮಾರುವವಳಂತೆ ಬರೆದುಬಿಟ್ಟರೆ ತಪ್ಪು ನನ್ನೊಬ್ಬಳದಲ್ಲ.

ನನ್ನ ಹೆಸರು ವಿಶಾಲಾ ಮೆಣಸಿನಕಾಯಿ. ಉಣಕಲ್ಲಿನ ಆಟದ ಪಡಸಾಲೆಯನ್ನು ನಡೆಸುವವಳು ನಾನು. ಪಡಸಾಲೆ ಎಂದರೆ ನೆಲದಡಿಯ ಒಂದು ದೊಡ್ಡ ತಂಪು ಕೋಣೆ. ನಮ್ಮಲ್ಲಿ ‘ಬಿಸಿಲುತಡೆ’ ಎಂಬ ಪದ್ಧತಿಯಿದೆ. ಬೇಸಿಗೆಯಲ್ಲಿ ನಡುಹಗಲಿನ ಹೊತ್ತು ಯಾರೂ ರಸ್ತೆಗೆ ಇಳಿಯುವಂತಿಲ್ಲ, ಓಣಿಯವರೆಲ್ಲ ಪಡಸಾಲೆಗೆ ಬಂದು ಸೇರುತ್ತಾರೆ. ಜಮಖಾನದ ಮೇಲೆ ಕೂಸುಗಳು ಮಲಗಿರುತ್ತವೆ, ಹೆಂಗಸರು ಗಂಡಸರೆನ್ನದೆ ಅಕ್ಕಿ ಆರಿಸುತ್ತಾರೆ, ಚುರಮುರಿ ಕೈಯಿಂದ ಕೈಗೆ ಹೋಗುತ್ತದೆ, ಗೋಡೆಯ ಪರದೆಯ ಮುಂದೆ ಒಬ್ಬರು ಆಡುತ್ತಿದ್ದರೆ ಎಂಟು ಜನ ಬುದ್ಧಿ ಹೇಳುತ್ತಿರುತ್ತಾರೆ. ಆಡುವುದೆಲ್ಲ ನಿಮ್ಮ ಕಾಲದ ಆಟಗಳನ್ನೇ. ಅದಕ್ಕೆ ಭಕ್ತಿಯೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ನಮಗೆ ವಿದ್ಯುತ್ತು ಸಿಗುವುದು ಪಾಲಿನ ಲೆಕ್ಕದಲ್ಲಿ. ಇಂದಿನ ಒಂದು ಹೊಸ ಆಟ ನುಂಗುವ ವಿದ್ಯುತ್ತಿನಲ್ಲಿ ಒಂದು ಓಣಿಯ ಅಡುಗೆಯಾಗುತ್ತದೆ. ನಿಮ್ಮ ಆಟಕ್ಕೆ ಒಂದು ಸಣ್ಣ ದೀಪಕ್ಕೆ ಬೇಕಾದಷ್ಟು ಸಾಕು. ಬಡವರ ಮಧ್ಯಾಹ್ನವನ್ನು ನೂರೈವತ್ತು ವರ್ಷ ಹಳೆಯ ಆಟಗಳು ಕಾಯುತ್ತಿವೆ.

ನೀವು ಎಮ್ಯುಲೇಟರ್ ಎನ್ನುವುದನ್ನು ನಾವು ‘ಅಣಕಯಂತ್ರ’ ಎನ್ನುತ್ತೇವೆ. ಇಲ್ಲದ ಹಳೆಯ ಯಂತ್ರವನ್ನು ಹೊಸ ಯಂತ್ರ ಅಣಕಿಸುತ್ತದೆ, ಹಳೆಯ ಆಟ ಮೋಸ ಹೋಗಿ ತನ್ನ ಮನೆಯಲ್ಲೇ ಇದ್ದೇನೆಂದುಕೊಂಡು ಆಡತೊಡಗುತ್ತದೆ. ನಿಮ್ಮ ಕಾಲದಲ್ಲಿ ಅಣಕಯಂತ್ರ ಇಟ್ಟುಕೊಳ್ಳುವುದು ಬಹುಮಟ್ಟಿಗೆ ತಪ್ಪಲ್ಲ, ಅದಕ್ಕೆ ಹಾಕುವ ಆಟವನ್ನು ಇಳಿಸಿಕೊಳ್ಳುವುದು ಮಾತ್ರ ತಪ್ಪು ಎನ್ನುತ್ತಿದ್ದರಂತೆ. ಒಲೆ ಇರಲಿ, ಅಕ್ಕಿ ತರಬೇಡಿ ಎಂದಂತೆ. ಅಂಗಡಿಯಲ್ಲಿ ಅಕ್ಕಿಯೇ ಸಿಗದಿದ್ದರೆ ಏನು ಮಾಡಬೇಕು ಎಂದು ನೀವು ಕೇಳಿದಾಗ ಯಾರೂ ನೇರ ಉತ್ತರ ಕೊಡಲಿಲ್ಲ. ನಮ್ಮ ಅಜ್ಜಂದಿರ ಕಾಲಕ್ಕೆ ಒಂದು ಉತ್ತರ ಬಂತು. ಅದರ ಹೆಸರು ‘ಬೀಳು ಆಟಗಳ ಕಾನೂನು’. ಹೊಲ ಬೀಳುಬಿಟ್ಟ ಹಾಗೆ, ಒಡೆಯರು ಒಂದು ಆಟವನ್ನು ಆಡಬರುವ ಸ್ಥಿತಿಯಲ್ಲಿ ಮಾರುವುದನ್ನು ನಿಲ್ಲಿಸಿ ಹಲವು ವರ್ಷವಾಗಿದ್ದರೆ, ಅದು ಊರಿನ ಸ್ವತ್ತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆಡಬಹುದು, ಹಂಚಬಹುದು.

ಕಳೆದ ವರ್ಷ ಸರ್ವಕಾಲ ಎಂಬ ಕಂಪನಿ ಈ ಕಾನೂನಿಗೆ ಸಂದು ಹುಡುಕಿತು. ನಮ್ಮ ಆಟಗಳ ಹಕ್ಕುಗಳನ್ನೆಲ್ಲ ಸಗಟಾಗಿ ಕೊಂಡು, ಒಂದೊಂದಕ್ಕೂ ಬಣ್ಣ ಹಚ್ಚಿ, ಹೊಸ ಯಂತ್ರಕ್ಕೆ ಹೊಂದಿಸಿ, ‘ಇಗೋ ಮಾರುತ್ತಿದ್ದೇವೆ, ಇವು ಬೀಳು ಅಲ್ಲ’ ಎಂದಿತು. ನಮಗೆ ನೋಟಿಸು ಬಂತು. ಪಡಸಾಲೆಯ ಅಷ್ಟೂ ಆಟಗಳನ್ನು ಅಳಿಸಬೇಕು, ಇಲ್ಲವೇ ಅವರ ಹೊಸ ರೂಪಗಳನ್ನು ಕೊಳ್ಳಬೇಕು. ಕೊಂಡರೂ ಅವನ್ನು ಓಡಿಸುವಷ್ಟು ವಿದ್ಯುತ್ತು ನಮ್ಮ ಪಾಲಿನಲ್ಲಿಲ್ಲ. ಪಡಸಾಲೆ ಬರೀ ತಂಪಾದ ಗೋಡೆಯಾಗುವುದರಲ್ಲಿತ್ತು. ನಾನು ತಕರಾರು ಹಾಕಿದೆ. ಪರೀಕ್ಷೆಗೆ ಒಂದು ಆಟವನ್ನು ಆರಿಸಿ, ಅದರ ತೀರ್ಪೇ ಉಳಿದವಕ್ಕೆ ಮಾದರಿ ಎಂದು ವಿಚಾರಣೆಯ ಕಚೇರಿಯವರು ಹೇಳಿದರು. ನಾನು ಆರಿಸಿದ್ದು ‘ಬುಗುರಿ ಬಸ್ಯಾ’.

ಬಸ್ಯಾ ತಿರುಗುವ ಬುಗುರಿಯ ಮೇಲೆ ಒಂಟಿಕಾಲಲ್ಲಿ ನಿಂತು ಏಳು ಓಣಿ ದಾಟಬೇಕು, ಇಷ್ಟೇ ಆಟ. ಏಳನೆಯ ಓಣಿಯಲ್ಲಿ ಬಾವಲಿ, ಗಾಳಿಪಟ, ಟಾಂಗಾ ಎಲ್ಲ ಒಮ್ಮೆಗೇ ಮುಗಿಬೀಳುತ್ತವೆ. ಈ ಆಟ ಹುಟ್ಟಿದ, ಅಂಗೈಯಲ್ಲಿ ಹಿಡಿದು ಆಡುವ ನಿಮ್ಮ ಕಾಲದ ಅಗ್ಗದ ಕೈಯಂತ್ರಕ್ಕೆ ಅಷ್ಟನ್ನೂ ಚಿತ್ರಿಸುವಾಗ ಏದುಸಿರು ಬಂದು ಪರದೆಯ ಮೇಲಿನದೆಲ್ಲ ನಿಧಾನವಾಗುತ್ತಿತ್ತು. ಆ ನಿಧಾನದೊಳಗೇ ಬಸ್ಯಾ ನುಸುಳಬೇಕು. ಮಾಡಿದವರು ಅದೇ ಯಂತ್ರದ ಮೇಲೆ ಆಡಿ ಆಡಿ ಅಳತೆ ಹಿಡಿದಿದ್ದರಿಂದ ಯಂತ್ರದ ಸುಸ್ತೂ ಆಟದ ಅಳತೆಯೊಳಗೆ ಸೇರಿಹೋಗಿತ್ತು. ಅಣಕಯಂತ್ರ ಕಟ್ಟಿದ ಪುಣ್ಯಾತ್ಮರು ಹಳೆಯ ಯಂತ್ರದ ಜಾಣತನದ ಜೊತೆಗೆ ಅದರ ಸುಸ್ತನ್ನೂ ಅಣಕಿಸಿದರು. ಸರ್ವಕಾಲದವರು ಸುಸ್ತನ್ನು ದೋಷವೆಂದು ತೆಗೆದುಹಾಕಿದರು.

ವಿಚಾರಣೆ ಧಾರವಾಡದಲ್ಲಿ ನಡೆಯಿತು. ವಿಚಾರಣಾಧಿಕಾರಿ ಕೌಸರಬಾನು ನದಾಫ ಅವರು, ಕಂಪನಿಯ ವಕೀಲರು ಜರತಾರಘರ ಎಂಬುವರು. ನನ್ನ ಕಡೆ ನಾನು, ಹಿಂದಿನ ಬೆಂಚಿನಲ್ಲಿ ನನ್ನ ಅತ್ತೆ ಚಂದ್ರವ್ವ. ಬಸ್ಯಾನನ್ನು ನಮ್ಮ ಮನೆಯಲ್ಲಿ ಆಕೆಯಷ್ಟು ಆಡಿದವರಿಲ್ಲ.

“ಹಳೇ ಮಷೀನು ಕುಂಟತಿತ್ರಿ ಮೇಡಂ,” ಎಂದರು ವಕೀಲರು. “ನಾವು ಕುಂಟಕಾಲು ನೆಟ್ಟಗ ಮಾಡೇವಿ. ಅದಕ್ಕೂ ತಕರಾರು ಅಂದ್ರ ಏನ್ ಹೇಳೂಣ್ರಿ?”

“ನೆಟ್ಟಗ ಮಾಡಿದ ಮ್ಯಾಲೆ ಕಡೇ ಓಣಿ ದಾಟಾಕ ಬರೂದಿಲ್ರಿ,” ಎಂದೆ.

“ಕುಣಿಯಾಕ ಬರದಾಕಿ ಅಂಗಳಾ ಡೊಂಕು ಅಂದ್ಲಂತ.”

ಹಿಂದಿನಿಂದ ಅತ್ತೆಯ ದನಿ ಬಂತು: “ಹಂಗಾದ್ರ ನೀವ ಕುಣದು ತೋರಸ್ರೆಪಾ! ಅಂಗಳಾ ನಿಮ್ದ ಐತೆಲ್ಲಾ?”

“ಹಿಂದ ಕುಂತವ್ರು ಸುಮ್ನಿರ್ರಿ,” ಎಂದರು ನದಾಫ ಅವರು. ಆಮೇಲೆ ಕಂಪನಿಯ ಕಡೆ ತಿರುಗಿ, “ಆದ್ರ ಅಜ್ಜಿ ಹೇಳಿದ್ದು ಖರೆ ಐತಿ ವಕೀಲ್ರ. ತೋರಸ್ರಿ.”

ಕಂಪನಿ ಕರೆತಂದಿದ್ದ ಆಟಗಾರ್ತಿ ಚುರುಕು ಬೆರಳಿನ ಹುಡುಗಿ. ಆರು ಓಣಿಗಳನ್ನು ನೀರು ಕುಡಿದಂತೆ ದಾಟಿದಳು. ಏಳನೆಯದರಲ್ಲಿ ಬಿದ್ದಳು, ಮತ್ತೆ ಆಡಿ ಮತ್ತೆ ಬಿದ್ದಳು. ಕೊನೆಗೆ ವಕೀಲರ ಕಡೆ ತಿರುಗಿ, “ಸರ, ಜಾಗಾನ ಇಲ್ರಿ. ಹೆಂಗ ಹೋಗ್ಲಿ?” ಎಂದುಬಿಟ್ಟಳು. ಪ್ರಾಮಾಣಿಕ ಹುಡುಗಿ. ನದಾಫ ಅವರು ಕನ್ನಡಕ ಒರೆಸಿಕೊಂಡು, “ಕೊಡ್ರಿಲ್ಲೆ, ನಾ ನೋಡ್ತೀನಿ,” ಎಂದರು. ಕಂಪನಿಯವರು ಅವರನ್ನು ನೇರವಾಗಿ ಏಳನೆಯ ಓಣಿಗೇ ಬಿಟ್ಟರು. ಅವರೂ ಬಿದ್ದರು. ಬಳಿಕ ನಮ್ಮ ಅಣಕಯಂತ್ರದ ಸರದಿ ಬಂತು. ಅತ್ತೆ ಆಡಲಿ ಎಂದೆ. ಅಧಿಕಾರಿ ಒಪ್ಪಲಿಲ್ಲ, ತಮ್ಮ ಕೈಯಲ್ಲಿ ಸತ್ತ ಬಸ್ಯಾ ತಮ್ಮ ಕೈಯಲ್ಲೇ ಬದುಕಬೇಕು ಎಂದರು. ಅತ್ತೆ ಎದ್ದು ಹೋಗಿ ಅವರ ಕುರ್ಚಿಯ ಪಕ್ಕದಲ್ಲೇ ನಿಂತರು.

“ಗಡಬಡ ಮಾಡಬ್ಯಾಡ್ರಿ. ಬರ್ಲಿ, ಎಲ್ಲಾ ಬರ್ಲಿ. ಮಷೀನಿಗೆ ದಮ್ಮು ಹತ್ಲಿ.”

“ಆಕ್ಷೇಪಣೆ ಐತ್ರಿ!” ವಕೀಲರು ಎದ್ದರು. “ತಕರಾರಿನ ಕಡೆಯವ್ರು ಅಧಿಕಾರಿಗೇ ಹೇಳಿಕೊಡಾಕತ್ತಾರ.”

ನದಾಫ ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಆಮ್ಯಾಲೆ ಹೇಳ್ರಿ ವಕೀಲ್ರ. ಬಾವಲಿ ಬಂದಾವ.”

“ಹಾಂ, ಈಗ ಹೊಂಡ್ರಿ!” ಎಂದರು ಅತ್ತೆ.

ಬಾವಲಿಗಳು ಗಾಳಿಯಲ್ಲಿ ತೇಲಿದವು, ಟಾಂಗಾ ತೆವಳಿತು, ಬಸ್ಯಾ ಅವುಗಳ ನಡುವೆ ತೂಗಾಡುತ್ತ ಹೋಗಿ ಆಚೆಯ ಕಟ್ಟೆ ಹತ್ತಿದ. ವಿಚಾರಣೆಯ ಕೋಣೆಯಲ್ಲಿ ಸಿಳ್ಳೆ ಬಿತ್ತು. ಹೊಡೆದದ್ದು ಕಂಪನಿಯ ಹುಡುಗಿ.

ಆಮೇಲೆ ಪರದೆ ಕಪ್ಪಾಗಿ ಮೂರು ಹೆಸರು ಮೂಡಿದವು: ಮೆಹಬೂಬ ಕಿತ್ತೂರ, ಪ್ರತಿಭಾ ಹಾನಗಲ್ಲ, ಜಿನದತ್ತ ಉಪಾಧ್ಯೆ. ಆಟ ಮಾಡಿದವರು. ಅವರ ಹೆಸರು ಕಾಣುವುದು ಆಟ ಮುಗಿಸಿದವರಿಗೆ ಮಾತ್ರ. ಅಂದರೆ ಸರ್ವಕಾಲ ಮಾರುತ್ತಿದ್ದ ಆಟದಲ್ಲಿ ಯಾರೂ ಎಂದೂ ಈ ಹೆಸರುಗಳನ್ನು ಕಂಡಿರಲಿಲ್ಲ, ಕಾಣುವಂತೆಯೂ ಇರಲಿಲ್ಲ. ನದಾಫ ಅವರು ವಕೀಲರನ್ನು ಕೇಳಿದರು, “ಇವ್ರು ಯಾರಂತ ನಿಮಗ ಗೊತ್ತೈತೇನ್ರಿ?” ವಕೀಲರು ಒಳ್ಳೆಯವರೇ, ಸುಳ್ಳು ಹೇಳಲಿಲ್ಲ. “ಇಲ್ರಿ,” ಎಂದರು.

ತೀರ್ಪು ಚಿಕ್ಕದು. ಮುಗಿಸಲು ಬಾರದ ಆಟವನ್ನು ಮಾರಾಟಕ್ಕಿಟ್ಟರೆ ಆಟವನ್ನು ಮಾರಾಟಕ್ಕಿಟ್ಟಂತಲ್ಲ. ಹಳೆಯ ಯಂತ್ರದ ದೋಷದ ಮೇಲೆ ಆಟ ನಿಂತಿದ್ದರೆ ಆ ದೋಷವೂ ಆಟದ ಭಾಗ. ಅದನ್ನು ಉಳಿಸಿಕೊಂಡ ಅಣಕಯಂತ್ರ ಕಳ್ಳನ ಕೈಯಲ್ಲ, ಕಾಯುವವರ ಕೈ. ಕಂಪನಿಯವರು ತಮ್ಮ ಬೇರೆ ಆಟಗಳನ್ನೂ ಹೀಗೇ ಆಡಿ ತೋರಿಸಿ ಗೆಲ್ಲಬೇಕೆಂದು ನದಾಫ ಅವರು ಹೇಳಿದರು. ಕಂಪನಿಯವರು ಒಂದನ್ನೂ ತರಲಿಲ್ಲ, ಎಲ್ಲ ನೋಟಿಸುಗಳನ್ನೂ ಹಿಂದಕ್ಕೆ ಪಡೆದರು. ನಾವು ಹುಬ್ಬಳ್ಳಿಗೆ ಮರಳುವಷ್ಟರಲ್ಲಿ ಸುದ್ದಿ ಕಲಬುರಗಿ, ಕಾರವಾರಗಳ ಪಡಸಾಲೆಗಳಿಗೂ ಮುಟ್ಟಿತ್ತು. ಉಣಕಲ್ಲಿನಲ್ಲಿ ಹೋಳಿಗೆ ಹಂಚಿದರು. ಅತ್ತೆಯನ್ನು ಹೆಗಲ ಮೇಲೆ ಹೊರಲು ಬಂದವರಿಗೆ ಆಕೆ, “ಇಳಸ್ರೋ ಭಾಡ್ಯಾಗೋಳ್ರಾ, ಸೊಂಟಾ ಹೋದೀತು!” ಎಂದು ಬೈಯುತ್ತಲೇ ಒಂದು ಸುತ್ತು ಹೊರಿಸಿಕೊಂಡರು.

ನನಗೆ ಮಾತ್ರ ಒಂದು ಪ್ರಶ್ನೆ ಬಹಳ ದಿನ ಕಾಡಿತ್ತು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಇನ್ನೊಬ್ಬರ ಬೆವರನ್ನು ಪುಕ್ಕಟೆ ಉಣ್ಣುವವರಲ್ಲವೇ ನಾವು? ಕಾನೂನು ನಮ್ಮ ಪರವಾದ ಮಾತ್ರಕ್ಕೆ ನಾವು ಸರಿಯೇ? ಆ ಮೂರು ಹೆಸರು ಮೂಡಿದ ಹೊತ್ತಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಅವರನ್ನು ನೂರೈವತ್ತು ವರ್ಷ ಜೀವಂತ ಇಟ್ಟದ್ದು ಹಕ್ಕು ಕೊಂಡವರಲ್ಲ, ಅಪ್ಪಣೆಯಿಲ್ಲದೆ ನಕಲು ಮಾಡಿದ ಯಾರೋ ಹೆಸರಿಲ್ಲದವರು. ಉಳಿದರ್ಧವನ್ನು ತೀರ್ಪಿನ ಕೊನೆಯ ಸಾಲು ಹೇಳಿತು: ಇವತ್ತು ಅಂಗಡಿಯಲ್ಲಿ ಸಿಗುವ, ಆಡಬರುವ ಆಟವನ್ನು ಕದಿಯುವುದು ಈಗಲೂ ಕಳ್ಳತನವೇ. ಅದು ಹಾಗೇ ಇರಲಿ ಎಂದು ನಾನೂ ಬಯಸುತ್ತೇನೆ. ಮಾಡಿದವರು ಬದುಕಿದ್ದು ಮಾರುತ್ತಿದ್ದರೆ ದುಡ್ಡು ಕೊಟ್ಟು ಕೊಳ್ಳಿ. ಅವರೂ ಉಣ್ಣಬೇಕು. ಆದರೆ ಅಂಗಡಿ ಮುಚ್ಚಿ, ಯಂತ್ರ ಕೆಟ್ಟು, ಒಡೆಯ ಯಾರೆಂದೇ ಗೊತ್ತಿಲ್ಲದ ಆಟವನ್ನು ಒಬ್ಬರು ಎತ್ತಿಟ್ಟುಕೊಂಡರೆ, ನಿಮ್ಮ ಕಾನೂನು ಏನೇ ಹೇಳಲಿ, ನಮ್ಮ ಕಾಲದಲ್ಲಿ ಅವರಿಗೆ ಕೈಮುಗಿಯುತ್ತೇವೆ.

ಈಗ ಒಂದು ಕೋರಿಕೆ. ಹೆಸರುಗಳ ಕೆಳಗೆ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ‘ನಮ್ಮ ಮುಂದಿನ ಆಟ – ಗಿರಮಿಟ್ ಗಂಗವ್ವ, ಬೇಗ ಬರಲಿದೆ.’ ನಾವು ಹುಡುಕದ ಜಾಗವಿಲ್ಲ. ಆ ಆಟ ಎಲ್ಲಿಯೂ ಇಲ್ಲ. ಅವರು ಮಾಡಲೇ ಇಲ್ಲವೋ, ಮಾಡಿಯೂ ಯಾರೂ ನಕಲು ಇಟ್ಟುಕೊಳ್ಳಲಿಲ್ಲವೋ ತಿಳಿಯದು. ಮೆಹಬೂಬರೇ, ಪ್ರತಿಭಾ ಅವರೇ, ಜಿನದತ್ತರೇ, ಈ ಪತ್ರ ನಿಮ್ಮಲ್ಲಿ ಒಬ್ಬರಿಗೆ ಸಿಕ್ಕರೂ ದಯವಿಟ್ಟು ಕೆಲಸ ನಿಲ್ಲಿಸಬೇಡಿ. ಆಟವನ್ನು ಮಾರಿ, ದುಡ್ಡು ಮಾಡಿ, ಸುಖವಾಗಿರಿ. ಜೊತೆಗೆ ಒಂದೇ ಒಂದು ಪ್ರತಿಯನ್ನು ಯಾರಾದರೂ ಮೊಂಡು ಮನುಷ್ಯರ ಕೈಗೆ ಕೊಟ್ಟುಬಿಡಿ, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ಇಲ್ಲಿ ಪರದೆ ಇದೆ, ವಿದ್ಯುತ್ತಿದೆ, ಕಾನೂನೂ ಈಗ ನಮ್ಮ ಕಡೆಗಿದೆ. ಗಂಗವ್ವ ಒಬ್ಬಳು ಬರಬೇಕು.

ನಿಮ್ಮವಳು,
ವಿಶಾಲಾ