ಶಾಫ್ಟಿನ ಜೊತೆ ಕಳಿಸಿದ್ದು

ಶಿಡ್ಲಘಟ್ಟ
ಆಗಸ್ಟ್ 1994

ಚಿಂತಾಮಣಿಯ ಮಹಾಮೇಸ್ತ್ರಿ ಬಯ್ಯಪ್ಪ ಭಾವನವರಿಗೆ, ನಿಮ್ಮ ತಮ್ಮನ ಹೆಂಡತಿ ಚಿಕ್ಕವೆಂಕಟಮ್ಮನ ನಮಸ್ಕಾರ.

ತೂತು ಹಾಕಿಸಲೆಂದು ನೀವು ನಿಮ್ಮನೆಯ ಅಕ್ಕಯ್ಯಮ್ಮಕ್ಕನ ಕೈಲಿ ಕಳಿಸಿದ ಶಾಫ್ಟು ತಲುಪಿತು. ಅದರ ಮೇಲೆ ಮೂರು ಕಡೆ ಡ್ರಿಲ್ಲು ಜಾರಿದ ಗೀರು ನೋಡಿದ ಮೇಲೆ, ಇದು ಯಾರ ಕೈಚಳಕ ಎಂದು ಅಕ್ಕನನ್ನು ಕೇಳಲೇ ಇಲ್ಲ. ಇಪ್ಪತ್ತು ವರ್ಷ ಮೇಸ್ತ್ರಿ ಅನ್ನಿಸಿಕೊಂಡವರಿಗೆ ದುಂಡಗಿನ ಕಬ್ಬಿಣ ಉರುಳುತ್ತದೆ ಎಂಬುದು ಇನ್ನೂ ತಿಳಿದಿಲ್ಲ. ಭೇಷ್.

ಆರು ವರ್ಷದ ಹಿಂದೆ ನಮ್ಮ ಹಿತ್ತಲ ಶೆಡ್ಡಿನಲ್ಲಿದ್ದದ್ದೂ ಇಂಥದ್ದೇ, ರೇಷ್ಮೆ ನೂಲು ತೆಗೆಯುವ ಯಂತ್ರದ ಶಾಫ್ಟು. ತೂತು ಹಾಕಲು ವೈಸಿನ ಇಕ್ಕಳದಲ್ಲಿ ಬಿಗಿದರೆ ಗುರುತು ಬಿದ್ದು ಎಳೆ ಸಿಕ್ಕಿಕೊಳ್ಳುತ್ತದೆ ಎಂದು ನಮ್ಮನೆಯವರು ಹಿಂದೆಮುಂದೆ ನೋಡುತ್ತಿದ್ದರು. ನೀವು ಬಾಗಿಲಲ್ಲಿ ಕೂತು ಎಲೆಅಡಿಕೆ ಅಗಿಯುತ್ತಾ, "ಬಟ್ಟೆ ಸುತ್ತಿ ಕೈಲೇ ಹಿಡ್ಕೊಳ್ಳೋ ಕೋನಪ್ಪ, ಗಂಡಸಲ್ವೇನೋ" ಅಂದಿರಿ. ಡ್ರಿಲ್ಲು ಬಟ್ಟೆಯನ್ನು ಎಳೆದುಕೊಂಡಿತು, ಅದರೊಂದಿಗೆ ಬಲಗೈಯ ಎರಡು ಬೆರಳನ್ನೂ.

ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ತಪ್ಪನ್ನು ನನ್ನ ತಲೆಗೆ ಕಟ್ಟಿಬಿಟ್ಟಿದ್ದಿರಿ. "ಮುಟ್ಟಾದೋಳು ಶೆಡ್ಡಿಗೆ ಕಾಫಿ ತಂದಿಟ್ಳು, ಮಷೀನು ಸುಮ್ನಿರ್ತದಾ?" ಬೀದಿಯೆಲ್ಲ ನಂಬಿತು. ನಮ್ಮನೆಯವರೂ ನಂಬಿ, ಒಂದು ವರ್ಷ ನನ್ನನ್ನು ಶೆಡ್ಡಿನ ಹೊಸಿಲು ತುಳಿಯಗೊಡಲಿಲ್ಲ. ನೀವು ಆಡಿದ್ದನ್ನು ಮರೆತೇನು ಭಾವ, ಅವರು ನಂಬಿದ್ದು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತದೆ.

ಎಡಗೈಯಲ್ಲಿ ಅವರಿಗೆ ಕೆಲಸ ಸಾಗದೆ ಕೊನೆಗೆ ನಾನೇ ಮಷೀನಿನ ಮುಂದೆ ನಿಂತೆ. ಉಕ್ಕಿನ ದಿಮ್ಮಿಯಲ್ಲಿ ವಿ ಆಕಾರದ ಕಾಲುವೆ ಕೊರೆಸಿ, ಶಾಫ್ಟನ್ನು ಅದರಲ್ಲಿ ಮಲಗಿಸಿ, ತಾಮ್ರದ ತಗಡು ಹೊದಿಸಿ, ಮೇಲೆ ಪಟ್ಟಿ ಹಾಕಿ ಬೋಲ್ಟು ಬಿಗಿದು ತೂತು ಹಾಕಿದೆ. ಶಾಫ್ಟು ಅಲುಗಲಿಲ್ಲ, ಗುರುತೂ ಬೀಳಲಿಲ್ಲ. ನಮ್ಮನೆಯವರು ಅದನ್ನೇ ನೋಡುತ್ತಾ ನಿಂತವರು, "ತಪ್ಪು ನಿಂದಲ್ಲ ಕಣೇ, ನಾನು ಹಿಡ್ದಿದ್ದೇ ಸರಿಯಿರ್ಲಿಲ್ಲ" ಅಂದರು. ಅವತ್ತು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

ನಿಮ್ಮ ಶಾಫ್ಟಿಗೆ ತೂತು ಹಾಕಿದ್ದೇನೆ. ನಟ್ಟನಡುವೆ ಬಿದ್ದಿದೆ, ಬೇಕಾದರೆ ಅಳೆದು ನೋಡಿಕೊಳ್ಳಿ. ನಾನು ಮುಟ್ಟಾದ ಎರಡನೇ ದಿನ ಹಾಕಿದ ತೂತು ಅದು. ಆ ದಿನಕ್ಕೆಂದೇ ಕಾದೆ, ಅದಕ್ಕೇ ಒಂದು ವಾರ ತಡವಾಯಿತು.

ಜೊತೆಗೆ ಅಂಥದ್ದೇ ಒಂದು ವಿ ದಿಮ್ಮಿ ಕಳಿಸುತ್ತಿದ್ದೇನೆ. ದುಂಡಗಿರುವುದನ್ನು ಇನ್ನು ಅದರಲ್ಲಿಟ್ಟು ಬಿಗಿಯಿರಿ. ನಿಮ್ಮ ಹತ್ತು ಬೆರಳೂ ನೂರು ಕಾಲ ನೆಟ್ಟಗಿರಲಿ.

ಇಂತಿ,
ಎಂಟು ಬೆರಳಿನವರ ಹೆಂಡತಿ
ಚಿಕ್ಕವೆಂಕಟಮ್ಮ