ಮಾಲಿಯಿಲ್ಲದೆ ತೋಟವಿಲ್ಲ

ಹೊಸದುರ್ಗ
12-1-1976

ಮಾರಿಕಣಿವೆ ಹೂದೋಟದ ನಿವೃತ್ತ ಮಾಲಿ, ಮಹಾರಾಜಶ್ರೀ ತಿಮ್ಮರಾಯಪ್ಪನವರ ಸನ್ನಿಧಾನಕ್ಕೆ,

ಹಳೆಯ ಅಪರಾಧಿ ಪಾಲಣ್ಣನ ಅಡ್ಡಬಿದ್ದ ನಮಸ್ಕಾರಗಳು.

ಎಂಟು ವರ್ಷದವನಿದ್ದಾಗ ನಮ್ಮ ಕುರಿಗಳನ್ನು ನಿಮ್ಮ ಹುಲ್ಲುಹಾಸಿಗೆ ನುಗ್ಗಿಸಿದವನು ನಾನೇ. ಅಷ್ಟು ಹಸಿರನ್ನು ಬರೀ ನೋಡುವುದಕ್ಕೆ ಬೆಳೆಸುತ್ತಾರೆಂದು ಕುರಿ ಕಾಯುವ ಮನೆಯವನಿಗೆ ಹೇಗೆ ತಿಳಿಯಬೇಕು? ನೀವು ಕೋಲು ಹಿಡಿದು ಬಂದಿರಿ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತರು ಗೊಬ್ಬರಕ್ಕೆ ಬದಲು ಕಾಳು ಕೊಡುವ ರೂಢಿಯಲ್ಲವೇ? ನಾನೂ ಧೈರ್ಯವಾಗಿ, "ಗೊಬ್ಬರ ಬಿದ್ದೈತಲ್ಲ, ಜ್ವಾಳ ಕೊಡ್ರಿ" ಎಂದೆ.

"ಲೇ ಸಾಹುಕಾರ, ಕುಂತ್ಕಾ" ಎಂದು ನಕ್ಕು ನಿಮ್ಮ ಬುತ್ತಿಯ ರೊಟ್ಟಿ ಕೊಟ್ಟಿರಿ. ಆಮೇಲೆ ಕೈಹಿಡಿದು ಒಂದೊಂದು ಗಿಡದ ಹೆಸರು ಹೇಳಿದಿರಿ. ಅಷ್ಟು ದೊಡ್ಡ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ.

ಈಗ ನನಗೆ ಮದುವೆಯಾಗಿದೆ. ಭಾನುವಾರ ಹೆಂಡತಿ ಯಲ್ಲಕ್ಕನಿಗೆ ತೋಟ ತೋರಿಸಬೇಕು. "ಗಿಡ ನೋಡಾಕೂ ಬಸ್ ಹತ್ಬೇಕೇನ್ರಿ?" ಎಂದು ನಗುತ್ತಾಳೆ. ಅವಳಿಗೆ ಉತ್ತರ ಕೊಡಬಲ್ಲವರು ನೀವೊಬ್ಬರೇ. ಆದರೆ ನಿವೃತ್ತಿಯಾದ ಮೇಲೆ ನೀವು, "ಅಲ್ಲಿ ನಂದೇನೈತಪ್ಪ ಇನ್ನ" ಎಂದು ಆ ಕಡೆ ತಲೆಯೇ ಹಾಕಿಲ್ಲವಂತೆ.

ಆದಕಾರಣ ಸನ್ನಿಧಾನಕ್ಕೆ ಅರಿಕೆ ಏನೆಂದರೆ, ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಗೇಟಿನ ಹೊರಗೆ ಕುಳಿತಿರುತ್ತೇವೆ. ಸಂಜೆಯಾದರೂ ಸರಿ, ನೀವು ಬಂದು ಮುಂದೆ ನಡೆಯುವ ತನಕ ಒಳಗೆ ಕಾಲಿಡುವುದಿಲ್ಲ.

ಇಂತಿ ತಮ್ಮ ರೊಟ್ಟಿ ತಿಂದವನು,
ಪಾಲಣ್ಣ